ಥಿಂಪುವಿನ ಕರು ಕಲಿಸಿದ ಆಟ

ಬೀದರ್: ಗಂಟು ಕಟ್ಟಿದ್ದು

ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಹುಟ್ಟಿದ್ದು ಔರಾದ್ ಕಡೆಯ ಒಂದು ಹಳ್ಳಿ, ಕೊಟ್ಟದ್ದು ಭಾತಂಬ್ರಾಕ್ಕೆ, ಹಾಲು ಹೊತ್ತು ಮಾರಿದ್ದು ಭಾಲ್ಕಿಯಲ್ಲಿ. ಇವುಗಳ ಆಚೆ ನೋಡಿದ್ದೆಂದರೆ ಬೀದರ್ ಪೇಟೆ, ಮತ್ತೆ ಒಂದು ಸಾರಿ ಹೈದರಾಬಾದಿನ ದವಾಖಾನೆ. ಅಂಥವಳು ಹೋದ ವರ್ಷ ದಸರೆ ಮುಗಿದ ಮೇಲೆ ಭೂತಾನ ದೇಶಕ್ಕೆ ಹೋಗಿ ಬಂದೆ. ಅದೂ ಹತ್ತು ಮಂದಿ ಬಾಸ್ಕೆಟ್‌ಬಾಲ್ ಆಡುವ ಹುಡುಗಿಯರ ಜೊತೆಗೆ. ಇಷ್ಟು ಸಂತೋಷ ಒಬ್ಬಳೇ ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅರಗುವುದಿಲ್ಲ ಅಂತ ಬರೆಯಲು ಕುಳಿತಿದ್ದೇನೆ. ಅಕ್ಷರ ತಿದ್ದಿ ಕೊಟ್ಟವಳು ಮೊಮ್ಮಗಳು ಸುಜಾತಾ.

ಸುಜಾತಾ ನನ್ನ ಮಗನ ಮಗಳು. ಬೀದರಿನ ಒಂದು ಕ್ಲಬ್ಬಿನಲ್ಲಿ ಹುಡುಗಿಯರಿಗೆ ಈ ಆಟ ಕಲಿಸುತ್ತಾಳೆ. ಅಲ್ಲಿ ಆಡಲು ಇರುವುದು ಒಂದೇ ಅಂಗಳ, ಸಂಜೆ ಆರು ಗಂಟೆಗೆ ಅವರ ಪಾಳಿ. ಬೀದರಿನವರು ನಡೆದು ಬರುತ್ತಾರೆ, ಭಾಲ್ಕಿ ಮತ್ತು ಔರಾದಿನ ಹುಡುಗಿಯರು ಬೀದರಿನಲ್ಲೇ ಹಾಸ್ಟೆಲ್ಲಿನಲ್ಲಿದ್ದು ಕಾಲೇಜು ಕಲಿಯುತ್ತಾರೆ. ಆ ಆರು ಗಂಟೆಯ ಮೇಲೆ ಹುಡುಗರ ತಂಡದ ಕಣ್ಣು ಬಿದ್ದಿತ್ತು. ಎರಡು ವರ್ಷದಿಂದ ಹುಡುಗಿಯರು ಒಂದು ಮ್ಯಾಚೂ ಗೆದ್ದಿರಲಿಲ್ಲ.

ಕ್ಲಬ್ಬಿನ ಅಧ್ಯಕ್ಷರು ಕೆಟ್ಟವರಲ್ಲ, ಆದರೆ ಮುಖದ ಮೇಲೆ ಹೇಳುವವರು. "ನೋಡ್ರಿ ಮೇಡಂ, ನಾ ಎಷ್ಟ್ ದಿನ ಮಂದಿ ಬಾಯಿ ಮುಚ್ಚಸ್ಲಿ? ಭೂತಾನಕ್ಕ ಹೊಂಟೀರಿ, ಒಂದರೆ ಮ್ಯಾಚ್ ಗೆದ್ದು ಬರ್ರಿ. ಇಲ್ಲಂದ್ರ ಆರು ಗಂಟಿ ಹುಡುಗ್ರಿಗಿ ಕೊಡ್ತೇನಿ. ನಿಮ್ದು ಮಧ್ಯಾಹ್ನ ಎರಡಕ್ಕ ಇಟ್ಕೋರಿ" ಅಂದರು.

ಮಧ್ಯಾಹ್ನ ಎರಡಕ್ಕೆ ಕಾಲೇಜು ಬಿಟ್ಟು ಯಾವ ಹುಡುಗಿ ಬಂದಾಳು? ಅಂದರೆ ಹುಡುಗಿಯರ ತಂಡವೇ ಮುಗಿದ ಹಾಗೆ.

ಭೂತಾನಕ್ಕೆ ಕರೆದವಳು ಪೇಮಾ. ಸುಜಾತಾ ವ್ಯಾಯಾಮದ ಕಾಲೇಜಿನಲ್ಲಿ ಓದುವಾಗ ಅವಳ ಖೋಲಿಯಲ್ಲೇ ಇದ್ದ ಹುಡುಗಿ, ಈಗ ಥಿಂಪುವಿನಲ್ಲಿ ತಾನೂ ಒಂದು ತಂಡಕ್ಕೆ ಕಲಿಸುತ್ತಾಳೆ. ಮೂರು ಮ್ಯಾಚ್ ಆಡೋಣ, ಉಳಿಯುವುದು ನಮ್ಮ ಮನೆಯಲ್ಲಿ ಅಂದಿದ್ದಳು. ಇಲ್ಲಿ ಹುಡುಗಿಯರ ತಾಯಂದಿರು ಒಂದೇ ಮಾತು ಹಿಡಿದರು: ಹಿರಿಯ ಹೆಂಗಸೊಬ್ಬಳು ಜೊತೆಗಿದ್ದರೆ ಕಳಿಸುತ್ತೇವೆ. ಸುಜಾತಾ ನನ್ನ ಮುಖ ನೋಡಿದಳು. ನಾನು ಆಗಲೇ ಮನಸ್ಸಿನಲ್ಲಿ ಸೀರೆ ಮಡಚುತ್ತಿದ್ದೆ.

ಫುಂಟ್‌ಶೋಲಿಂಗ್: ಗೇಟಿನ ಈಚೆ, ಗೇಟಿನ ಆಚೆ

ರೈಲಿನಲ್ಲಿ ನಾನು ಮಾಡಿದ ದೊಡ್ಡ ಕೆಲಸವೆಂದರೆ ಕಡಕ್ ರೊಟ್ಟಿಯ ಡಬ್ಬಿಯ ಮೇಲೆ ಕುಳಿತದ್ದು. ನಲವತ್ತು ರೊಟ್ಟಿ. ವಾಪಸ್ ಬರುವಾಗ ತಿನ್ನಲು ಉಂಡಿಯ ಡಬ್ಬಿ ಬೇರೆ ಇತ್ತು. ಸೀಟಿನ ಕೆಳಗೆ ಜಾಗವಿಲ್ಲ ಅಂತ ಗೋಣಿಚೀಲದಲ್ಲಿ ಸುತ್ತಿ ಪಕ್ಕಕ್ಕೆ ಇಟ್ಟಿದ್ದೆ, ಡಬ್ಬಿಯ ಮುಚ್ಚಳ ಮೆತ್ತಗಿನ ತಗಡು, ಮರೆತು ಕುಳಿತೆ. ಆಮೇಲೆ ಎರಡು ದಿನ ಹುಡುಗಿಯರು ರೊಟ್ಟಿಯ ಚೂರಿಗೆ ಶೇಂಗಾ ಹಿಂಡಿ ಕಲಸಿ ಚಮಚೆಯಿಂದ ತಿಂದರು. ಭಾಲ್ಕಿಯ ಅಂಬಿಕಾ, ಬಾಯಿ ಸುಮ್ಮನಿರದ ಹುಡುಗಿ, "ಆಯಿ, ವಾಪಸ್ ಬರೋವಾಗ ಉಂಡಿ ಡಬ್ಬಿ ಮ್ಯಾಲ ಕುಂದ್ರಬ್ಯಾಡ, ಉಂಡಿನರೆ ಉಳೀಲಿ" ಅಂದಳು.

ಬಂಗಾಳದ ಕೊನೆಯ ಊರು ನಮ್ಮ ಬಾಜಾರದ ಹಾಗೆಯೇ. ಹಾರ್ನು, ತಳ್ಳುಗಾಡಿ, ಧೂಳು, ಒಬ್ಬರ ಮೇಲೊಬ್ಬರು. ಮುಂದೆ ಬಣ್ಣ ಬಳಿದ ಒಂದು ದೊಡ್ಡ ಗೇಟು. ಅದರ ಆಚೆ ಭೂತಾನದ ಫುಂಟ್‌ಶೋಲಿಂಗ್. ಆಧಾರ್ ಕಾರ್ಡು ಇಲ್ಲಿ ನಡೆಯದು ಅಂತ ಸುಜಾತಾ ಮೊದಲೇ ಹೇಳಿದ್ದಳು, ಆದ್ದರಿಂದ ಮತದಾರರ ಚೀಟಿಯನ್ನು ರವಿಕೆಯೊಳಗೆ ಇಟ್ಟುಕೊಂಡಿದ್ದೆ. ಅಲ್ಲಿಯ ಅಧಿಕಾರಿ ಚೀಟಿಯ ಫೋಟೊ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೊ ನೋಡಿದ. ಫೋಟೊದಲ್ಲಿ ಕೂದಲು ಕಪ್ಪಗಿತ್ತು. ನಾನು ಸೆರಗು ಸರಿಸಿ ಗಲ್ಲದ ಮೇಲಿನ ಮಚ್ಚೆ ತೋರಿಸಿದೆ. ಅವನು ನಕ್ಕು ಠಸ್ಸೆ ಹೊಡೆದ.

ಗೇಟು ದಾಟಿದ ಮೇಲೆ ನನ್ನ ಕಿವಿಗೆ ಏನೋ ಆಯಿತು ಅಂದುಕೊಂಡೆ. ಹಾರ್ನೇ ಇಲ್ಲ. ಗಾಡಿಗಳು ಇವೆ, ಮಂದಿ ಇದ್ದಾರೆ, ಆದರೆ ಯಾರೂ ಯಾರಿಗೂ ಪಕ್ಕಕ್ಕೆ ಸರಿ ಅಂತ ಕೂಗುತ್ತಿಲ್ಲ. ಗಂಡಸರು ಮೊಳಕಾಲವರೆಗಿನ ದಪ್ಪ ನಿಲುವಂಗಿ ಉಟ್ಟು ಸೊಂಟಕ್ಕೆ ಬಿಗಿದಿದ್ದಾರೆ. ಹೆಂಗಸರದು ಕಾಲುಮಟದ ನೇಯ್ಗೆಯ ಬಟ್ಟೆ. ಇಂಥ ನೇಯ್ಗೆ ದಿನಾ ಉಟ್ಟು ಬಾಜಾರಕ್ಕೆ ಹೋಗುತ್ತಾರೆ. ನಾವು ಇಂಥದ್ದನ್ನು ಮದುವೆಗೆ ಉಟ್ಟು ಮರುದಿನ ಟ್ರಂಕಿಗೆ ಹಾಕುತ್ತೇವೆ.

ಅಲ್ಲಿಂದ ಗುಡ್ಡದ ದಾರಿ. ನಮ್ಮ ಬೀದರದ್ದು ಸಪಾಟು ನೆಲ, ಕಮಠಾಣಕ್ಕೆ ಹೋದರೂ ಬಗದಲ್‌ಗೆ ಹೋದರೂ ಹೊಟ್ಟೆಯೊಳಗಿನದು ಹೊಟ್ಟೆಯಲ್ಲೇ ಇರುತ್ತದೆ. ಇಲ್ಲಿ ಹತ್ತರಲ್ಲಿ ಏಳು ಹುಡುಗಿಯರು ವಾಂತಿ ಮಾಡಿಕೊಂಡರು. ಡ್ರೈವರ್ ಒಂದು ಸಾರಿಯೂ ಮುಖ ಸಿಂಡರಿಸಲಿಲ್ಲ. ಪ್ರತಿ ಸಾರಿ ಗಾಡಿ ನಿಲ್ಲಿಸಿ, ತಾನೇ ನೀರಿನ ಬಾಟಲಿ ಹಿಡಿದು, ಹುಡುಗಿಯರ ಕೈಗೆ ನೀರು ಹಾಕಿದ. ಅವನ ಹೆಸರು ಕೇಳಲು ಮರೆತೆ. ಅವನು ಎಲ್ಲಿದ್ದರೂ ತಣ್ಣಗಿರಲಿ.

ಥಿಂಪು, ಮೊದಲ ದಿನ

ಬೆಳಿಗ್ಗೆ ರಸ್ತೆ ದಾಟಲು ನಿಂತೆ. ಒಂದು ಕಾರು ಬಂತು, ನಾನು ಹಿಂದೆ ಸರಿದೆ. ಕಾರು ನಿಂತಿತು. ಅದು ಹೋಗಲಿ ಅಂತ ನಾನು ನಿಂತೆ. ನಾನು ಹೋಗಲಿ ಅಂತ ಅದು ನಿಂತಿತು. ನಾನು ಕೈ ಮಾಡಿ ಹೋಗು ಅಂದೆ, ಒಳಗಿನವನು ತಲೆ ಬಾಗಿಸಿ ನೀವು ಹೋಗಿ ಅಂದ. ಅದರ ಹಿಂದೆ ಇನ್ನೂ ಮೂರು ಗಾಡಿ ನಿಂತವು, ಒಂದೂ ಕೂಗಲಿಲ್ಲ. ಕಡೆಗೆ ಅವನೇ ಇಳಿದು ಬಂದು, ತನ್ನ ತಾಯಿಯ ಕೈ ಹಿಡಿದ ಹಾಗೆ ನನ್ನ ಕೈ ಹಿಡಿದು ದಾಟಿಸಿದ. ಇಷ್ಟು ವಯಸ್ಸಿನಲ್ಲಿ ನನಗಾಗಿ ನಾಲ್ಕು ಗಾಡಿ ನಿಂತದ್ದು ಇದೇ ಮೊದಲು. ಭಾಲ್ಕಿಯಲ್ಲಿ ನನಗಾಗಿ ನಿಂತದ್ದು ಎಮ್ಮೆಗಳು ಮಾತ್ರ.

ಗುಡ್ಡದ ಮೇಲೆ ಬಂಗಾರದ ಬಣ್ಣದ ದೊಡ್ಡ ಬುದ್ಧ ಕುಳಿತಿದ್ದಾನೆ. ನಮ್ಮ ಮನೆಯ ಗೋಡೆಯ ಬುದ್ಧ ಒಂದು ಗೇಣು. ದಿನಾ ಅವನ ಮುಂದೆ ಮೇಣಬತ್ತಿ ಹಚ್ಚುವವಳು ನಾನು. ಇಲ್ಲಿ ಇಡೀ ಊರು ಅವನ ಕಾಲಡಿ ಇದೆ. ಕೈ ಮುಗಿದು ಬಹಳ ಹೊತ್ತು ನಿಂತೆ. ಏನೂ ಬೇಡಲಿಲ್ಲ ಅಂದರೆ ಸುಳ್ಳಾದೀತು, ಒಂದು ಮ್ಯಾಚ್ ಬೇಡಿಕೊಂಡೆ.

ಪೇಮಾಳ ಮನೆ ಊರಿನ ಅಂಚಿಗೆ. ತಗಡಿನ ಮಾಡಿನ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಪೇಮಾಳ ತಾಯಿ ನನ್ನ ವಯಸ್ಸಿನವರು. ಅವರು ಟಿವಿ ನೋಡಿ ಹಿಂದಿ ಕಲಿತವರು, ನನ್ನದು ಬೀದರ್ ಬಾಜಾರದ ಹಿಂದಿ, ಎರಡೂ ಕೂಡಿ ಸಂಸಾರ ನಡೆಯಿತು. ಊಟಕ್ಕೆ ಒಂದು ಪಲ್ಯ ಬಡಿಸಿದರು. ನಾವು ಬೀದರಿನವರು, ಖಾರ ಏನು ಮಹಾ ಅಂತ ಎರಡು ಸೌಟು ಹಾಕಿಸಿಕೊಂಡೆ. ಅದರಲ್ಲಿ ತರಕಾರಿ ಹುಡುಕಿದೆ, ಇರಲಿಲ್ಲ. ಮೆಣಸಿನಕಾಯಿಯೇ ತರಕಾರಿ, ಮೇಲೆ ಬೆಣ್ಣೆಯಂತೆ ಕರಗಿದ ಚೀಸು. ಕಣ್ಣಲ್ಲಿ, ಮೂಗಲ್ಲಿ, ಎಲ್ಲಾ ಕಡೆ ನೀರು. ಅವರು ನನ್ನ ಬೆನ್ನು ಸವರುತ್ತಾ "ಖಾವ್, ಖಾವ್" ಅನ್ನುತ್ತಿದ್ದರು. ತಿಂದೆ. ಬಿಡುವುದು ಮರ್ಯಾದೆಯಲ್ಲ.

ಮಧ್ಯಾಹ್ನ ಮೊದಲ ಮ್ಯಾಚ್. ಈ ಆಟ ಗೊತ್ತಿಲ್ಲದವರಿಗೆ ನಾನು ತಿಳಿದಷ್ಟು ಹೇಳುತ್ತೇನೆ. ಎದುರಿನವರು ಎಸೆದ ಚೆಂಡು ರಿಂಗಿನೊಳಗೆ ಬೀಳದೆ ಹೊರಕ್ಕೆ ಪುಟಿದರೆ ಅದನ್ನು ನಾವು ಹಿಡಿಯಬೇಕು. ಅದಕ್ಕೆ ರಿಬೌಂಡ್ ಅನ್ನುತ್ತಾರೆ. ಹಿಡಿಯದಿದ್ದರೆ ಅವರೇ ಹಿಡಿದು ಮತ್ತೆ ಎಸೆಯುತ್ತಾರೆ. ನಮ್ಮ ಹುಡುಗಿಯರು ಓಡುತ್ತಾರೆ ಚೆನ್ನಾಗಿ, ಎಸೆಯುತ್ತಾರೆ ಚೆನ್ನಾಗಿ. ಆದರೆ ಚೆಂಡು ರಿಂಗಿಗೆ ತಾಗಿದ ಕೂಡಲೇ ಐದೂ ಮಂದಿ ಆಕಾಶ ನೋಡುತ್ತಾ ನಿಲ್ಲುತ್ತಾರೆ. ಅಷ್ಟರಲ್ಲಿ ಎದುರಿನ ಹುಡುಗಿ ಹಿಂದಿನಿಂದ ಬಂದು ಚೆಂಡು ಒಯ್ದಿರುತ್ತಾಳೆ.

"ಚೆಂಡ್ ನೋಡಬ್ಯಾಡ್ರಿ, ಮೊದಲ ನಿಮ್ಮ ಹುಡುಗಿಗಿ ಹುಡುಕ್ರಿ" ಅಂತ ಸುಜಾತಾ ಗಂಟಲು ಹರಿದುಕೊಂಡಳು. "ಆಕಿಗಿ ಬೆನ್ನು ಹಚ್ಚಿ ನಿಂದರ್ರಿ, ಆಮ್ಯಾಲ ಚೆಂಡು."

ಸೋತೆವು. ಗೆದ್ದ ಹುಡುಗಿಯರೇ ನಮ್ಮವರಿಗೆ ಬಿಸಿ ಚಹಾ ತಂದು ಕೊಟ್ಟರು. ಚಹಾದಲ್ಲಿ ಉಪ್ಪು, ಬೆಣ್ಣೆ. ಅಂಬಿಕಾ ಒಂದು ಗುಟುಕು ಕುಡಿದು, "ಸೋತವ್ರಿಗಿ ಇದೇ ಕೊಡ್ತಾರ ಕಾಣ್ತದ" ಅಂತ ಪಿಸುಗುಟ್ಟಿದಳು. ನೋಡಿದರೆ ಗೆದ್ದವರೂ ಅದನ್ನೇ ಕುಡಿಯುತ್ತಿದ್ದರು.

ಎರಡನೇ ದಿನ: ಕಾಲು ತಾಗಿದ್ದು

ಔರಾದಿನ ರೇಣುಕಾ ತಂಡದಲ್ಲಿ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಗಟ್ಟಿ. ಎರಡನೇ ಮ್ಯಾಚಿನಲ್ಲಿ ಸುಜಾತಾ ಅವಳನ್ನು ರಿಂಗಿನ ಕೆಳಗೆ ನಿಲ್ಲಿಸಿದಳು. ಆಟ ಸರಿಸಮ ನಡೆದಿತ್ತು. ಇನ್ನೇನು ಮುಗಿಯುವ ಹೊತ್ತಿಗೆ ಎದುರಿನವರ ಚೆಂಡು ಹೊರಗೆ ಪುಟಿಯಿತು. ರೇಣುಕಾ ಹಿಂದೆ ಸರಿಯುವಾಗ ಅವಳ ಕಾಲು ಎದುರಿನ ಹುಡುಗಿಯ ಕಾಲಿಗೆ ತಾಗಿತು.

ತಾಗಿದ್ದಕ್ಕೆ ರೇಣುಕಾ ಏನು ಮಾಡಿದಳು? ಬಗ್ಗಿದಳು. ಆ ಹುಡುಗಿಯ ಮೊಳಕಾಲು ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಂಡಳು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ನಡೆಯಲು ಬಂದ ದಿನದಿಂದ ಕಲಿಸುವುದು ಅದು. ಅವಳು ಕಣ್ಣು ತೆರೆಯುವಷ್ಟರಲ್ಲಿ ಅವರ ಇನ್ನೊಬ್ಬ ಹುಡುಗಿ ಚೆಂಡು ಹಿಡಿದು ಅವಳ ತಲೆಯ ಮೇಲಿಂದಲೇ ರಿಂಗಿನೊಳಗೆ ಹಾಕಿದ್ದಳು.

ಎದುರಿನ ಹುಡುಗಿ ಪಾಪ, ಗಾಬರಿಯಾಗಿ ತಾನೂ ಬಗ್ಗಿ ರೇಣುಕಾಗೆ ಕೈ ಮುಗಿದಳು. ನೋಡುವ ಮಂದಿ ಚಪ್ಪಾಳೆ ತಟ್ಟಿದರು. ನಾವು ಎರಡು ಪಾಯಿಂಟಿಗೆ ಸೋತೆವು.

ಮನೆಗೆ ಬಂದ ಮೇಲೆ ರೇಣುಕಾ ಜಗುಲಿಯ ಮೂಲೆ ಹಿಡಿದು ಅತ್ತಳು. "ನಾ ಬೇಕಂತ ಮಾಡಿಲ್ರಿ ಮೇಡಂ. ಕೈ ತಾನೇ ಹೋಯ್ತು."

ಸುಜಾತಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡವ್ವಾ" ಅಂದು ನನ್ನ ಬಳಿ ಬಂದು ಕುಳಿತಳು. "ಆಯಿ, ಇವ್ರಿಗಿ ಬೆನ್ನು ಹಚ್ಚಿ ನಿಂದರ್ರಿ ಅಂದ್ರ ನಾಚ್ಕೋತಾರ. ಬಸ್ಸಿನಾಗ ಸರದು ಕುಂದ್ರು, ಓಣ್ಯಾಗ ಬಗ್ಗಿ ನಡಿ, ಯಾರಿಗೂ ಮೈ ತಾಗಸಬ್ಯಾಡ ಅಂತ ಹದಿನೆಂಟು ವರ್ಷ ಕಲಿಸ್ಯಾರ. ನಾ ಎರಡು ವರ್ಷದಾಗ ಹ್ಯಾಂಗ ಮರಸ್ಲಿ? ಆರು ಗಂಟಿ ಹೋಯ್ತು ಅಂತ ತಿಳ್ಕೋ."

ಉಳಿದದ್ದು ಒಂದೇ ಮ್ಯಾಚ್, ಅದೂ ಪೇಮಾಳ ತಂಡದ ಮೇಲೆ. ಅದರಲ್ಲಿ ದೆಚೆನ್ ಎಂಬ ಹುಡುಗಿ, ನಮ್ಮ ಬಾಗಿಲಿಗೆ ಬಂದರೆ ತಲೆ ಬಗ್ಗಿಸಬೇಕಾದಷ್ಟು ಎತ್ತರ. ನಾನು ಸುಜಾತಾಳ ತಲೆ ಸವರಿದೆ, ಅಷ್ಟೇ. ಆಟದ ವಿಷಯ ನನಗೇನು ಗೊತ್ತು?

ಮೂರನೇ ದಿನ: ಪೇಮಾಳ ಹಿತ್ತಲು

ಆ ದಿನ ಆಟವಿರಲಿಲ್ಲ. ನನಗೆ ಬೆಳಿಗ್ಗೆ ಸುಮ್ಮನೆ ಕುಳಿತು ಗೊತ್ತಿಲ್ಲ. ಹಿತ್ತಲಿನಲ್ಲಿ ಸೇಬಿನ ಗಿಡಗಳ ಕೆಳಗೆ ಪೇಮಾಳ ತಾಯಿ ಒಂದು ಆಕಳು ಕಟ್ಟಿದ್ದರು. ಅವರಿಗೆ ಮೊಣಕೈ ನೋವು. ಇವತ್ತು ನಾನು ಹಿಂಡುತ್ತೇನೆ ಅಂತ ಚರಿಗೆ ಕಸಿದುಕೊಂಡೆ. ಅವರು ನಕ್ಕು ಬಿಟ್ಟುಕೊಟ್ಟರು. ಬೇರೆ ದೇಶದಲ್ಲಿ ಒಬ್ಬಳು ತನ್ನ ಆಕಳಿನ ಬುಡಕ್ಕೆ ನನ್ನನ್ನು ಕೂಡಿಸಿದಳು, ಇದಕ್ಕಿಂತ ದೊಡ್ಡ ಸನ್ಮಾನ ನನಗೆ ಆಗಿಲ್ಲ.

ಅಳು ನಿಲ್ಲದೆ ನಿದ್ದೆಗೆಟ್ಟಿದ್ದ ರೇಣುಕಾ ನನ್ನ ಹಿಂದೆ ಬಂದು ನಿಂತಿದ್ದಳು. ಹಾಲು ಇಳಿಯಲಿ ಅಂತ ಕರುವನ್ನು ಮೊದಲು ಬಿಟ್ಟು, ಆಮೇಲೆ ಎಳೆದು ಗಿಡಕ್ಕೆ ಕಟ್ಟಿದರು. ನಾನು ಕುಕ್ಕರಗಾಲಲ್ಲಿ ಕುಳಿತು ನಾಲ್ಕು ಸಾರಿ ಹಿಂಡಿದ್ದೆನೋ ಇಲ್ಲವೋ, ಕರು ಹಗ್ಗ ಕಳಚಿಕೊಂಡು ಬಂತು.

ಭಾತಂಬ್ರಾದಲ್ಲಿ ನನಗೆ ಇದು ದಿನದ ಕೆಲಸ. ಕರು ಹಿಡಿಯಲು ಇನ್ನೊಬ್ಬರು ಎಂದೂ ಇರಲಿಲ್ಲ. ಕೈ ಕೆಚ್ಚಲಿನಲ್ಲೇ ಇಟ್ಟುಕೊಂಡು, ಒಂದು ಹೆಜ್ಜೆ ಕರುವಿನ ದಾರಿಗೆ ಹಾಕಿ, ಅದರ ಕೊರಳಿಗೆ ನನ್ನ ಬೆನ್ನು ಹಚ್ಚಿ ಇನ್ನೂ ಕೆಳಗೆ ಕುಳಿತೆ. ಅದು ಎಡಕ್ಕೆ ಹೊರಟಿತು, ನನ್ನ ಬೆನ್ನೂ ಎಡಕ್ಕೆ ಹೋಯಿತು. ಬಲಕ್ಕೆ ಬಂತು, ಬಲಕ್ಕೆ ಬಂದೆ. ಚರಿಗೆ ತುಂಬಿತು.

"ಆಯಿ, ನೀ ಕರಾ ನೋಡೇ ಇಲ್ಲಲ್ಲ" ಅಂದಳು ರೇಣುಕಾ.

"ಯಾಕ ನೋಡ್ಬೇಕು? ಅದು ಯಾವ ಕಡಿ ಹೊಂಟದ ಅಂತ ಬೆನ್ನಿಗಿ ಗೊತ್ತಾಗ್ತದ. ಕಣ್ಣು ಹಾಲಿನ ಮ್ಯಾಲಿರ್ಬೇಕು."

"ನೂಕಿದ್ರ ಹೋಗ್ತದಲ್ಲ?"

"ನೂಕಿದ್ರ ಮಗ್ಗಲಿಂದ ಜಿಗದು ಬರ್ತದ, ಹುಚ್ಚಿ. ನೂಕಬಾರ್ದು. ಅದು ಬರೋ ಜಾಗಾಕ್ಕ ನಾವು ಮೊದಲೇ ಹೋಗಿ ತುಂಬ್ಕೊಂಡು ಕುಂದ್ರಬೇಕು. ಭಾರ ಕೆಳಗ ಇರ್ಬೇಕು. ಅಷ್ಟೇ."

"ಅದ್ಕ ಸಿಟ್ಟು ಬರಲ್ಲೇನು?"

ನಾನು ಎದ್ದೆ. ಕರು ಬಂದು ನನ್ನ ಸೆರಗು ನೆಕ್ಕುತ್ತಿತ್ತು. "ನೀನೇ ಕೇಳು" ಅಂದೆ.

ಆಗ ನೋಡಿದೆ, ಮೆಟ್ಟಿಲ ಮೇಲೆ ಸುಜಾತಾ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಿಂತಿದ್ದಳು. ಉಗುಳಿ ಬಂದು, "ಆಯಿ, ಇನ್ನೊಮ್ಮಿ ಮಾಡು" ಅಂದಳು.

"ಹಿಂಡಿ ಆಯ್ತು, ಮತ್ತೇನ್ ಹಿಂಡ್ಲಿ?"

"ಆಕಳು ಬಿಡು. ಕರಾ ನಾ ಆಗ್ತೇನಿ."

ನನ್ನ ಮೊಮ್ಮಗಳು, ಬಿಎ ಮಾಡಿ ಮತ್ತೆ ವ್ಯಾಯಾಮದ ಡಿಗ್ರಿ ಮಾಡಿದವಳು, ಥಿಂಪುವಿನ ಹಿತ್ತಲಿನಲ್ಲಿ ಕರುವಾಗಿ ನನ್ನ ಬೆನ್ನಿಗೆ ತಲೆ ಹಾಕಿ ನೂಕಿದಳು. ನಾನು ಜಾಗ ಬಿಡಲಿಲ್ಲ. ಎದ್ದು ಬಂದ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಪೇಮಾಳ ತಾಯಿ ಬಾಗಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡಿದ್ದರು.

ನಗು ಮುಗಿದ ಮೇಲೆ ಸುಜಾತಾ ನೆಲದ ಮೇಲೆ ಒಂದು ಚೆಂಡು ಇಟ್ಟಳು. ಇಬ್ಬಿಬ್ಬರನ್ನು ಜೋಡಿ ಮಾಡಿದಳು. ಚೆಂಡಿನ ಕಡೆ ಮುಖ ಮಾಡಿದವಳು ಹಿಂಡುವವಳು, ಅವಳ ಹಿಂದಿನವಳು ಕರು. ಐದು ಎಣಿಸುವವರೆಗೆ ಕರುವಿಗೆ ಚೆಂಡು ಮುಟ್ಟಲು ಕೊಡಬಾರದು, ಕೈಯಿಂದ ಹಿಡಿಯಬಾರದು, ಕೈ ಮೇಲೇ ಇರಬೇಕು. ಎರಡು ವರ್ಷ ಬೆನ್ನು ಹಚ್ಚಲು ನಾಚಿದ ಹುಡುಗಿಯರು ಸೊಂಟ ಇಳಿಸಿ ಕುಳಿತರು. ಕರುವಿಗೆ ಯಾರು ನಾಚುತ್ತಾರೆ? ನಾನು ನಡುವೆ ಓಡಾಡುತ್ತಾ, "ಇನ್ನೂ ಕೆಳಗ", "ಕಾಲು ಅಗಲಿಸು", "ನೂಕ್ಲತ್ತಿ, ನೂಕಬ್ಯಾಡ" ಅನ್ನುತ್ತಿದ್ದೆ. ಅಂಬಿಕಾ, "ಮೇಡಂ, ನಮ್ಮ ಕೋಚ್ ಬದಲಾದ್ರೇನ್ರಿ?" ಅಂದಳು. ಸುಜಾತಾ, "ಇವತ್ತಿಗಿ ಹೌದು" ಅಂದಳು.

ಆ ಮಾತು ಕೇಳಿ ನಾನು ಕಣ್ಣೊರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲ. ನೋಡಿದರೂ ಮೆಣಸಿನಕಾಯಿಯದು ಅಂದುಕೊಂಡಾರು.

ನಾಲ್ಕನೇ ದಿನ: ದೆಚೆನ್ ಮತ್ತು ರೇಣುಕಾ

ಪೇಮಾಳ ತಾಯಿ ಅಂದು ನನ್ನ ಪಕ್ಕದಲ್ಲೇ ಕುಳಿತರು. ಮಗಳ ತಂಡ ಆ ಕಡೆ, ಆದರೂ ರೇಣುಕಾ ಸೊಂಟ ಇಳಿಸಿದಾಗಲೆಲ್ಲ ನನ್ನ ತೊಡೆಗೆ ಬಡಿದು ನಗುತ್ತಿದ್ದರು.

ಮೊದಲು ಎರಡು ಸಾರಿ ನಮ್ಮವರು ಮರೆತು ಆಕಾಶ ನೋಡಿದರು. ಸುಜಾತಾ ಕೂಗಿದ್ದು ಒಂದೇ ಶಬ್ದ, "ಕರಾ". ಐದೂ ಹುಡುಗಿಯರು ತಟ್ಟನೆ ತಿರುಗಿ ತಮ್ಮ ತಮ್ಮ ಹುಡುಗಿಯನ್ನು ಹುಡುಕಿ ಬೆನ್ನು ಹಚ್ಚಿದರು. ಆ ಕಡೆಯವರಿಗೆ ಏನೂ ತಿಳಿಯಲಿಲ್ಲ. ದೆಚೆನ್ ಹಾರುತ್ತಾಳೆ ನಿಜ, ಆದರೆ ಹಾರಲು ರಿಂಗಿನ ಕೆಳಗೆ ಬರಬೇಕಲ್ಲ? ಅಲ್ಲಿ ನಮ್ಮ ಗಿಡ್ಡ ರೇಣುಕಾ ಕುಳಿತುಬಿಟ್ಟಿದ್ದಳು. ಒಮ್ಮೆ ನೂಕಿದ್ದಕ್ಕೆ ರೆಫ್ರಿ ಅವಳಿಗೆ ಸೀಟಿ ಊದಿದ. ಆಮೇಲೆ ಅವಳು ನೂಕಲಿಲ್ಲ.

ಕೊನೆಗೆ ನಮ್ಮದು ಒಂದೇ ಒಂದು ಪಾಯಿಂಟು ಮುಂದೆ. ಗಡಿಯಾರದಲ್ಲಿ ನಾಲ್ಕು ಸೆಕೆಂಡು ಇದೆ ಅಂತ ಯಾರೋ ಹೇಳಿದರು. ಆ ಕಡೆಯ ಹುಡುಗಿ ದೂರದಿಂದ ಎಸೆದಳು. ಪೇಮಾಳ ತಾಯಿ ನನ್ನ ಕೈ ಹಿಡಿದರು. ನಮ್ಮಿಬ್ಬರಲ್ಲಿ ಯಾರು ಯಾರಿಗಾಗಿ ಬೇಡಿಕೊಂಡೆವೋ ಗೊತ್ತಿಲ್ಲ.

ಚೆಂಡು ರಿಂಗಿಗೆ ಬಡಿದು ಮೇಲೆ ಹೋಯಿತು. ನೋಡುವ ಮಂದಿಯೆಲ್ಲ ಮೇಲೆ ನೋಡಿದರು. ರೇಣುಕಾ ನೋಡಲಿಲ್ಲ. ಅವಳು ಹಿಂದೆ ಹೆಜ್ಜೆ ಇಟ್ಟು ದೆಚೆನ್‌ಳ ಹೊಟ್ಟೆಗೆ ಬೆನ್ನು ಹಚ್ಚಿ ಕೈ ಎತ್ತಿ ಕುಳಿತಳು. ದೆಚೆನ್ ಎಡಕ್ಕೆ ಹೋದಳು, ರೇಣುಕಾ ಎಡಕ್ಕೆ. ಬಲಕ್ಕೆ ಬಂದಳು, ಬಲಕ್ಕೆ. ಕಾಲಿಗೆ ಕಾಲು ತಾಗಿರಬೇಕು, ಹತ್ತು ಸಾರಿ ತಾಗಿರಬೇಕು. ಚೆಂಡು ಕೆಳಗೆ ಬಿತ್ತು. ಅವರಿಬ್ಬರ ಮುಂದೆ, ಖಾಲಿ ನೆಲದ ಮೇಲೆ. ಒಮ್ಮೆ ಪುಟಿಯಿತು, ಇನ್ನೊಮ್ಮೆ ಪುಟಿಯಿತು. ನಮ್ಮ ಐವರೂ ತಮ್ಮ ತಮ್ಮ ಕರುವನ್ನು ತಡೆದು ಕುಳಿತಿದ್ದರು, ಯಾರೂ ಮುಟ್ಟಲಿಲ್ಲ. ಸೀಟಿ ಆಯಿತು.

ಹೊರಗೆ ಕುಳಿತಿದ್ದ ನಮ್ಮ ಹುಡುಗಿಯರು ಕುಣಿಯುತ್ತಾ ಅಂಗಳದೊಳಗೆ ಓಡಿದರು. ರೇಣುಕಾ ಮಾತ್ರ ಇನ್ನೂ ಹಾಗೇ ಕುಳಿತಿದ್ದಳು, ಕೈ ಮೇಲೆತ್ತಿಕೊಂಡು. ಆಟ ಮುಗಿದದ್ದು ಅವಳಿಗೆ ಗೊತ್ತಿರಲಿಲ್ಲ. ದೆಚೆನ್ ಹಿಂದಿನಿಂದ ಅವಳನ್ನು ಎರಡೂ ಕೈಯಲ್ಲಿ ಎತ್ತಿ ನೆಟ್ಟಗೆ ನಿಲ್ಲಿಸಿದಳು. ಸೋತವಳು ಗೆದ್ದವಳನ್ನು ಎತ್ತಿದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಪೇಮಾಳ ತಾಯಿ ತಮ್ಮ ಕೊರಳಿನ ಬಿಳಿ ವಸ್ತ್ರ ತೆಗೆದು ನನ್ನ ಕೊರಳಿಗೆ ಹಾಕಿದರು. ಆ ಗದ್ದಲದಲ್ಲಿ ಶುಕ್ರಿಯಾ ಅನ್ನುವುದನ್ನೂ ಮರೆತೆ. ಈಗ ಅನ್ನುತ್ತೇನೆ: ಆ ತಾಯಿಗೆ, ಅವರ ಆಕಳಿಗೆ, ನಮ್ಮನ್ನು ಸೋಲಿಸಿ ಚಹಾ ಕೊಟ್ಟ ಹುಡುಗಿಯರಿಗೆ, ಕೈ ಹಿಡಿದು ರಸ್ತೆ ದಾಟಿಸಿದವನಿಗೆ, ಎಲ್ಲರಿಗೂ.

ಸುಜಾತಾ ಅಲ್ಲೇ ನಿಂತು ಬೀದರಿಗೆ ಫೋನ್ ಹಚ್ಚಿದಳು. ಅಧ್ಯಕ್ಷರ ದನಿ ಕೇಳಿದ ಕೂಡಲೇ ಅವಳಿಗೆ ಅಳು ಬಂದು ಫೋನ್ ನನ್ನ ಕೈಗೆ ಕೊಟ್ಟಳು.

"ಗೆದ್ದೇವ್ರಿ" ಅಂದೆ.

"ಖರೇನಾ ಅಮ್ಮಾ? ಭಾಳ ಛೊಲೋ ಆಯ್ತು. ಕಡೀ ಚೆಂಡು ಯಾರು ಹಿಡದ್ರು?"

"ಯಾರೂ ಹಿಡೀಲಿಲ್ರಿ. ನೆಲಕ್ಕ ಬಿತ್ತು."

"ಹಿಡೀದೇ ಹ್ಯಾಂಗ ಗೆದ್ರಿ?"

"ಇಲ್ಲಿಂದ ಹೇಳಿದ್ರ ತಿಳಿಯಾಂಗಿಲ್ರಿ. ನಾವು ಬೀದರಿಗಿ ಬಂದ ಮ್ಯಾಲ ಸಂಜಿ ಆರು ಗಂಟಿಕ್ಕ ಬರ್ರಿ, ತೋರಸ್ತೇವಿ."

ಆ ಕಡೆ ಅಧ್ಯಕ್ಷರು ನಕ್ಕರು. ಆಮೇಲೆ ಅವರು, "ಆರಕ್ಕೇ ಬರ್ತೇನ್ರಿ ಅಮ್ಮಾ" ಅಂದರು.